ಪದವಿ ಪ್ರವೇಶ ಮತ್ತು ಪರಿಭಾಷೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸ ವಿದ್ಯಾರ್ಥಿಗಳು ಅರಿತಿರಬೇಕಾದ ವಿಶ್ವವಿದ್ಯಾಲಯದ ಪದಗಳು

ಪದವಿ ಕಾಲೇಜಿಗೆ ಪ್ರವೇಶ ಪಡೆಯುವುದೆಂದರೆ ಶುಲ್ಕ ಪಾವತಿಸಿ ರಸೀದಿ ಪಡೆಯುವ ಕಾರ್ಯ ಮಾತ್ರವಲ್ಲ. ಅದುವರೆಗೆ ಕಿವಿಗೆ ಬೀಳದಿದ್ದ ಹತ್ತಾರು ಪದಗಳ ನಡುವೆ ವಿದ್ಯಾರ್ಥಿಯು ಕಾಲಿಡುವ ಸಂದರ್ಭವೂ ಅದಾಗಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ, ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿದ್ದು, ಸುತ್ತಲ ಗ್ರಾಮಗಳಿಂದ ಇಲ್ಲಿಗೆ ಬರುವವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದ ಮೊದಲಿಗರು. ಕ್ರೆಡಿಟ್ ಎಂದರೇನು, ಆಂತರಿಕ ಅಂಕವೆಂದರೇನು, ಸಂಯೋಜಿತ ಕಾಲೇಜು ಎಂದರೇನು ಎಂದು ಇವರಿಗೆ ಮನೆಯಲ್ಲಿ ಹೇಳುವವರಿರುವುದಿಲ್ಲ.

ಹೇಳುವವರಿರುವ ಮನೆಗಳಲ್ಲಿ ತೊಡಕು ಇನ್ನೊಂದು ಬಗೆಯದು. ದೇವನಹಳ್ಳಿ ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಕ್ಕ 2022-23ನೇ ಸಾಲಿನಲ್ಲಿ ಪದವಿಗೆ ಸೇರಿದವಳು. ತಮ್ಮ 2025-26ನೇ ಸಾಲಿನಲ್ಲಿ ಸೇರಿದವನು. ಕಾಲೇಜು ಒಂದೇ, ಕಲಿಸುವ ಅಧ್ಯಾಪಕರೂ ಬಹುಪಾಲು ಅವರೇ. ಆದಾಗ್ಯೂ ಆಂತರಿಕ ಅಂಕ, ಪ್ರಧಾನ ವಿಷಯ, ನಾಲ್ಕನೆಯ ವರ್ಷ ಎಂಬ ಪದಗಳನ್ನು ಅಕ್ಕ ಯಾವ ಅರ್ಥದಲ್ಲಿ ಕಲಿತಳೋ ಆ ಅರ್ಥವು ತಮ್ಮನಿಗೆ ಅನ್ವಯಿಸದು. ಅವಳ ಸಲಹೆಯಲ್ಲಿ ತಪ್ಪಿಲ್ಲ, ಅವಳು ಓದಿದ ಪದ್ಧತಿಯೇ ಬೇರೆ. ಆದುದರಿಂದ ಹೊಸ ವಿದ್ಯಾರ್ಥಿಯು ಯಾವ ಪದದ ಅರ್ಥವನ್ನು ಕೇಳುವುದಕ್ಕೂ ಮುನ್ನ ಕೇಳಬೇಕಾದ ಪ್ರಶ್ನೆ ಒಂದುಂಟು: ತಾನು ಯಾವ ಪದ್ಧತಿಗೆ, ಅಂದರೆ ಕಾಲೇಜಿನ ಮಾತಿನಲ್ಲಿ ಯಾವ 'ಸ್ಕೀಮ್'ಗೆ ಸೇರಿದವನು? ಅಂಕಪಟ್ಟಿಯಲ್ಲಿಯೂ ಪರೀಕ್ಷಾ ಅರ್ಜಿಯಲ್ಲಿಯೂ ಪ್ರಶ್ನೆಪತ್ರಿಕೆಯ ತಲೆಬರಹದಲ್ಲಿಯೂ ಕಾಣುವ ಈ ಸಣ್ಣ ಪದವೇ ಉಳಿದೆಲ್ಲ ಪದಗಳ ಅರ್ಥವನ್ನು ನಿರ್ಧರಿಸುತ್ತದೆ.

ಬದಲಾದ ಪದ್ಧತಿಗಳು

ವರ್ಷಕ್ಕೊಮ್ಮೆ ಪರೀಕ್ಷೆ ನಡೆಯುತ್ತಿದ್ದ ವಾರ್ಷಿಕ ಪದ್ಧತಿಯು ಹಿಂದೆ ಸರಿದು ಆರು ತಿಂಗಳಿಗೊಂದು ಸೆಮಿಸ್ಟರ್ ಬಂದುದು ಈಗ ಹಳೆಯ ಮಾತು. ಅದರ ಬೆನ್ನಿಗೇ 2010ರ ದಶಕದ ಮಧ್ಯಭಾಗದಲ್ಲಿ ಸಿಬಿಸಿಎಸ್ ಎಂದು ಕರೆಯಲಾಗುವ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯು ಬಂದಿತು. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ಪದವಿ ಹಂತದಲ್ಲಿ ಜಾರಿಗೊಳಿಸುವ ಆದೇಶವನ್ನು ಕರ್ನಾಟಕ ಸರ್ಕಾರವು 2021ರ ಆಗಸ್ಟ್ ತಿಂಗಳಿನಲ್ಲಿ ಹೊರಡಿಸಿ, 2021-22ನೇ ಸಾಲಿನಿಂದಲೇ ಅನುಷ್ಠಾನಕ್ಕೆ ತಂದಿತು. ನಾಲ್ಕು ವರ್ಷಗಳ ಆನರ್ಸ್ ಪದವಿ, ಪ್ರತಿ ವರ್ಷದ ಕೊನೆಯಲ್ಲಿಯೂ ನಿರ್ಗಮನದ ಅವಕಾಶ, ಮುಕ್ತ ಐಚ್ಛಿಕ ವಿಷಯ, ಕೌಶಲ ವೃದ್ಧಿ ಪತ್ರಿಕೆ ಇತ್ಯಾದಿ ಪದಗಳು ಈ ಜಿಲ್ಲೆಯ ತರಗತಿಗಳನ್ನು ಪ್ರವೇಶಿಸಿದ್ದು ಆ ವರ್ಷ.

ತರುವಾಯ 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಿನಲ್ಲಿ ಸರ್ಕಾರವು ಆದೇಶ ಹೊರಡಿಸಿ, 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿಯನ್ನು ಮರಳಿ ತಂದಿತು. ಆಯೋಗವು ತನ್ನ ಅಂತಿಮ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದೆ. ಹೀಗಾಗಿ 2021-22, 2022-23 ಹಾಗೂ 2023-24ರಲ್ಲಿ ಸೇರಿದ ಮೂರು ಬ್ಯಾಚ್‌ಗಳು ಎನ್‌ಇಪಿ ಬ್ಯಾಚ್‌ಗಳೆಂದೂ ಅನಂತರದವು ಎಸ್‌ಇಪಿ ಬ್ಯಾಚ್‌ಗಳೆಂದೂ ಕಾಲೇಜುಗಳಲ್ಲಿ ಕರೆಯಲ್ಪಡುತ್ತಿವೆ. ನೀತಿಗಳ ಗುಣಾವಗುಣಗಳ ಚರ್ಚೆಯು ಈ ಲೇಖನದ ಉದ್ದೇಶವಲ್ಲ. ನೀತಿಯ ಬದಲಾವಣೆಯು ಹದಿನೆಂಟರ ಹರೆಯದ ವಿದ್ಯಾರ್ಥಿಯ ಕೈಗೆ ಪದಗಳ ಬದಲಾವಣೆಯಾಗಿ ತಲುಪುತ್ತದೆ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಅಂಶ.

ಅತ್ಯಂತ ಸರಳವಾದ ನಿದರ್ಶನವೆಂದರೆ ಆಂತರಿಕ ಮೌಲ್ಯಮಾಪನ. ಕಿರುಪರೀಕ್ಷೆ, ನಿಯೋಜಿತ ಕಾರ್ಯ, ವಿಚಾರಗೋಷ್ಠಿ ಮೊದಲಾದವುಗಳಿಗೆ ಕಾಲೇಜಿನ ಅಧ್ಯಾಪಕರೇ ನೀಡುವ ಅಂಕಗಳಿವು. ಎನ್‌ಇಪಿ ಬ್ಯಾಚ್‌ಗಳಿಗೆ ಬಹುಪಾಲು ಸಿದ್ಧಾಂತ ಪತ್ರಿಕೆಗಳಲ್ಲಿ ನೂರಕ್ಕೆ 40 ಅಂಕ ಆಂತರಿಕವಾಗಿಯೂ 60 ಅಂಕ ಸೆಮಿಸ್ಟರ್ ಅಂತ್ಯದ ಪರೀಕ್ಷೆಯಿಂದಲೂ ಬರುತ್ತಿದ್ದವು. ಹೊಸ ಮೂರು ವರ್ಷದ ಪದವಿಯಲ್ಲಿ ಈ ಪ್ರಮಾಣವು ಸಾಮಾನ್ಯವಾಗಿ 20 ಮತ್ತು 80 ಆಗಿರುತ್ತದೆ. 'ಇಂಟರ್ನಲ್ಸ್ ಚೆನ್ನಾಗಿ ಬಂದರೆ ಪಾಸಾಗುವುದು ಕಷ್ಟವಲ್ಲ' ಎಂದು ಅಕ್ಕ ಹೇಳಿದ ಮಾತು ಅವಳ ಕಾಲಕ್ಕೆ ನಿಜವಾಗಿತ್ತು. ತಮ್ಮನು ಅದನ್ನೇ ನಂಬಿ ಅಂತಿಮ ಪರೀಕ್ಷೆಯನ್ನು ಹಗುರವಾಗಿ ಪರಿಗಣಿಸಿದಲ್ಲಿ, ಅವನ ಕೈಯಲ್ಲಿರುವ ಆಸರೆಯು ಅವಳದರ ಅರ್ಧ ಮಾತ್ರ. ಇದಲ್ಲದೆ ಒಟ್ಟು ಅಂಕದಲ್ಲಿ ಉತ್ತೀರ್ಣನಾದರೂ ಅಂತಿಮ ಪರೀಕ್ಷೆಯಲ್ಲಿ ಪ್ರತ್ಯೇಕ ಕನಿಷ್ಠ ಅಂಕ ಬೇಕೆಂಬ ನಿಯಮ ಇರುತ್ತದೆ. ಪ್ರವೇಶದ ಮೊದಲ ವಾರದಲ್ಲಿಯೇ ತನ್ನ ಪದ್ಧತಿಯ ಉತ್ತೀರ್ಣತಾ ನಿಯಮವನ್ನು ಓದಿಕೊಳ್ಳುವುದು ಅವಶ್ಯ.

ಅಂತೆಯೇ ವಿಷಯಗಳ ಆಯ್ಕೆ. ಎಚ್‌ಇಪಿ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಪಿಸಿಎಂ ಎಂದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ. ಮೂರು ವಿಷಯಗಳ ಈ ಜೋಡಣೆಗಳು ಹಿಂದಿನ ತಲೆಮಾರಿನ ಪದವೀಧರರೆಲ್ಲರ ಬಾಯಲ್ಲಿದ್ದವು. ಎನ್‌ಇಪಿಯ ಅವಧಿಯಲ್ಲಿ ಎರಡು ವಿಷಯಗಳ ಕ್ರಮ ಬಂದು, ಹೊಸ ಪದವಿಯಲ್ಲಿ ಮೂರು ಪ್ರಧಾನ ವಿಷಯಗಳ ಕ್ರಮ ಮರಳಿದೆ. ವಿಚಿತ್ರವೆನಿಸಿದರೂ ಈ ಒಂದು ವಿಷಯದಲ್ಲಿ ಇಂದಿನ ವಿದ್ಯಾರ್ಥಿಯು ತನ್ನ ಅಕ್ಕನಿಗಿಂತ ತನ್ನ ಚಿಕ್ಕಪ್ಪನನ್ನು ಕೇಳಿದರೆ ಹೆಚ್ಚು ಪ್ರಯೋಜನವಾದೀತು.

ನಾಲ್ಕನೆಯ ವರ್ಷ ಮತ್ತು ನಡುವಿನ ನಿರ್ಗಮನ

ಪದಗಳ ತಪ್ಪು ತಿಳಿವಳಿಕೆಯಿಂದ ಹೆಚ್ಚಿನ ನಷ್ಟವಾಗಬಹುದಾದುದು ಇಲ್ಲಿಯೇ. ಎನ್‌ಇಪಿಯ ಚೌಕಟ್ಟಿನಲ್ಲಿ ಒಂದು ವರ್ಷ ಪೂರೈಸಿ ನಿರ್ಗಮಿಸಿದವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್ ಪದವಿ ಎಂಬ ಮೆಟ್ಟಿಲುಗಳಿದ್ದವು. ಹೊಸ ಮೂರು ವರ್ಷದ ಪದವಿಯಲ್ಲಿ ನಡುವಿನ ಈ ಮೆಟ್ಟಿಲುಗಳಿಲ್ಲ. ಎರಡನೆಯ ವರ್ಷದ ಕೊನೆಯಲ್ಲಿ ವಿವಾಹದ ನಿಮಿತ್ತವೋ ಮನೆಯ ಅಡಚಣೆಯ ನಿಮಿತ್ತವೋ ಓದು ನಿಲ್ಲಿಸುವ ವಿದ್ಯಾರ್ಥಿನಿಯ ಕೈಗೆ ನಾಲ್ಕು ಸೆಮಿಸ್ಟರ್‌ಗಳ ಅಂಕಪಟ್ಟಿ ದೊರೆಯುತ್ತದೆಯೇ ಹೊರತು ಡಿಪ್ಲೊಮಾ ದೊರೆಯದು. 'ಎರಡು ವರ್ಷ ಓದಿದರೂ ಒಂದು ಸರ್ಟಿಫಿಕೇಟ್ ಸಿಗುತ್ತದಂತೆ' ಎಂಬ ಮಾತನ್ನು ನಂಬಿ ನಿರ್ಧಾರ ಕೈಗೊಳ್ಳುವ ಮುನ್ನ ಪೋಷಕರು ಕಾಲೇಜಿನ ಪ್ರಾಂಶುಪಾಲರಲ್ಲಿ ವಿಚಾರಿಸತಕ್ಕದ್ದು.

ಎನ್‌ಇಪಿ ಬ್ಯಾಚ್‌ಗಳ ವಿದ್ಯಾರ್ಥಿಗಳಿಗೆ ನಾಲ್ಕನೆಯ ವರ್ಷಕ್ಕೆ ಮುಂದುವರಿಯುವ ಅವಕಾಶವನ್ನು 2024ರ ಆದೇಶದಲ್ಲಿ ಉಳಿಸಿಕೊಡಲಾಗಿದೆ. 2023-24ರಲ್ಲಿ ಸೇರಿದವರೇ ಈ ಆಯ್ಕೆಯುಳ್ಳ ಕೊನೆಯ ಬ್ಯಾಚ್. ಆಯ್ಕೆಯ ಅರ್ಥವನ್ನು ಅವರು ಸ್ಪಷ್ಟವಾಗಿ ತಿಳಿದಿರಬೇಕು. ಮೂರು ವರ್ಷಕ್ಕೆ ಪದವಿ ಪಡೆದು ಹೊರಬಂದವರು ಬಿ.ಎಡ್.ಗೆ, ಎರಡು ವರ್ಷದ ಸ್ನಾತಕೋತ್ತರ ಪದವಿಗೆ, ಪದವಿಯನ್ನು ಅರ್ಹತೆಯಾಗಿ ಕೇಳುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅರ್ಜಿ ಸಲ್ಲಿಸಬಹುದು. ನಾಲ್ಕನೆಯ ವರ್ಷವನ್ನೂ ಮುಗಿಸಿದವರಿಗೆ ರಾಷ್ಟ್ರೀಯ ಚೌಕಟ್ಟಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಯ ದಾರಿ ಇರುತ್ತದೆ. ಯುಜಿಸಿಯ 2022ರ ನಿಯಮಾವಳಿಯಂತೆ ಕನಿಷ್ಠ ಶೇ. 75 ಅಂಕ ಗಳಿಸಿದವರು ನೇರವಾಗಿ ಪಿಎಚ್‌.ಡಿ. ಪ್ರವೇಶಕ್ಕೂ ಅರ್ಹರು. ಆದರೆ ನಾಲ್ಕನೆಯ ವರ್ಷದ ತರಗತಿಗಳು ಪ್ರತಿ ತಾಲ್ಲೂಕಿನ ಕಾಲೇಜಿನಲ್ಲಿಯೂ ಪ್ರತಿ ವಿಷಯಕ್ಕೂ ನಡೆಯುತ್ತವೆ ಎಂದು ಭಾವಿಸುವಂತಿಲ್ಲ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯು ಪದವಿ ಪಡೆದು ನಿರುದ್ಯೋಗಿಯಾಗಿರುವವರಿಗಾಗಿ ಇರುವುದೇ ವಿನಾ ಉನ್ನತ ವ್ಯಾಸಂಗ ಮುಂದುವರಿಸುತ್ತಿರುವವರಿಗಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಾಕಿ ಉಳಿದ ಪತ್ರಿಕೆಗಳ ವಿಚಾರವು ಇದಕ್ಕಿಂತಲೂ ಗಂಭೀರವಾದುದು. ಅನುತ್ತೀರ್ಣವಾದ ಪತ್ರಿಕೆಯನ್ನು ಜೊತೆಗಿಟ್ಟುಕೊಂಡೇ ಮುಂದಿನ ಸೆಮಿಸ್ಟರ್‌ಗೆ ಹೋಗುವುದನ್ನು 'ಕ್ಯಾರಿ ಓವರ್' ಎನ್ನುತ್ತಾರೆ. ಆ ಪತ್ರಿಕೆಯನ್ನು ವಿದ್ಯಾರ್ಥಿಗಳು 'ಬ್ಯಾಕ್' ಎನ್ನುತ್ತಾರೆ. ಮತ್ತೆ ಬರೆಯುವವರನ್ನು ಪರೀಕ್ಷಾ ವಿಭಾಗವು 'ರಿಪೀಟರ್' ಎನ್ನುತ್ತದೆ. ತರಗತಿಯಲ್ಲಿ ಮುಂದೆ ಹೋಗುತ್ತಿರುವುದರಿಂದ ಬಾಕಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಪದ್ಧತಿ ಬದಲಾದ ಮೇಲೆ ಹಳೆಯ ಪಠ್ಯಕ್ರಮದ ಬೋಧನೆ ನಿಂತುಹೋಗುತ್ತದೆ, ಹಳೆಯ ಪದ್ಧತಿಯ ಪರೀಕ್ಷೆಗಳನ್ನು ವಿಶ್ವವಿದ್ಯಾಲಯವು ಅನಿರ್ದಿಷ್ಟ ಕಾಲ ನಡೆಸುವುದೂ ಇಲ್ಲ. ಎನ್‌ಇಪಿ ಬ್ಯಾಚ್‌ನಲ್ಲಿ ಒಂದೆರಡು ಪತ್ರಿಕೆ ಉಳಿಸಿಕೊಂಡು ಕೆಲಸಕ್ಕೆ ಸೇರಿದವರು 'ಯಾವಾಗಲಾದರೂ ಬರೆದರಾಯಿತು' ಎಂದು ಕುಳಿತುಕೊಳ್ಳುವುದು ಅಪಾಯಕರ. ಪದವಿ ಪೂರೈಸಲು ಇರುವ ಗರಿಷ್ಠ ಅವಧಿ ಎಷ್ಟು, ತಮ್ಮ ಪದ್ಧತಿಗೆ ಇನ್ನೆಷ್ಟು ಪರೀಕ್ಷಾ ಅವಕಾಶಗಳಿವೆ ಎಂಬುದನ್ನು ವಿಶ್ವವಿದ್ಯಾಲಯದ ಸುತ್ತೋಲೆಯಿಂದ ತಿಳಿದುಕೊಂಡು ಶೀಘ್ರವಾಗಿ ತೀರಿಸಿಕೊಳ್ಳುವುದೇ ಯುಕ್ತ.

ಕ್ರೆಡಿಟ್ ಹಾಗೂ ಗ್ರೇಡ್

ಕ್ರೆಡಿಟ್ ಎಂದರೆ ಸಾಲವಲ್ಲ. ಬ್ಯಾಂಕಿನ ಸಾಲದ ಅರ್ಜಿಯಲ್ಲಿಯೂ ಕಾಲೇಜಿನ ಅಂಕಪಟ್ಟಿಯಲ್ಲಿಯೂ ಇದೇ ಪದವಿರುವುದರಿಂದ ಪೋಷಕರು ಗಾಬರಿಯಾಗುವುದುಂಟು. ಒಂದು ಸೆಮಿಸ್ಟರ್‌ನಾದ್ಯಂತ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ಕಾರ್ಯಕ್ಕೆ ಒಂದು ಕ್ರೆಡಿಟ್ ಎಂಬುದು ಸಾಮಾನ್ಯ ಲೆಕ್ಕ. ಅಂದರೆ ಕ್ರೆಡಿಟ್ ಒಂದು ಪತ್ರಿಕೆಯ ತೂಕ. ಆ ಪತ್ರಿಕೆಯಲ್ಲಿ ವಿದ್ಯಾರ್ಥಿಯ ಸಾಧನೆ ಎಷ್ಟು ಎಂಬುದನ್ನು ಹೇಳುವುದು ಗ್ರೇಡ್. ಯುಜಿಸಿಯು ಸೂಚಿಸಿದ ಹತ್ತು ಅಂಶಗಳ ಮಾಪನದಲ್ಲಿ 'ಓ' ಎಂಬ ಗ್ರೇಡಿಗೆ 10, 'ಎ ಪ್ಲಸ್'ಗೆ 9, 'ಎ'ಗೆ 8, 'ಬಿ ಪ್ಲಸ್'ಗೆ 7, 'ಬಿ'ಗೆ 6, 'ಸಿ'ಗೆ 5, 'ಪಿ'ಗೆ 4 ಅಂಶಗಳು. 'ಎಫ್' ಎಂದರೆ ಅನುತ್ತೀರ್ಣ, ಸೊನ್ನೆ. ಪರೀಕ್ಷೆಗೆ ಗೈರುಹಾಜರಾದವರಿಗೂ ಸೊನ್ನೆಯೇ.

ಒಂದು ಸೆಮಿಸ್ಟರ್‌ನ ಸರಾಸರಿಯನ್ನು ಎಸ್‌ಜಿಪಿಎ ಎಂದೂ ಅದುವರೆಗಿನ ಎಲ್ಲ ಸೆಮಿಸ್ಟರ್‌ಗಳ ಸರಾಸರಿಯನ್ನು ಸಿಜಿಪಿಎ ಎಂದೂ ಕರೆಯುತ್ತಾರೆ. ಇದು ಬರಿಯ ಸರಾಸರಿಯಲ್ಲ, ತೂಕ ಸೇರಿದ ಸರಾಸರಿ. ಉದಾಹರಣೆಗೆ, ತಲಾ 5 ಕ್ರೆಡಿಟ್‌ಗಳ ಮೂರು ಪ್ರಧಾನ ಪತ್ರಿಕೆಗಳಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ 6, 7, 6 ಅಂಶಗಳೂ ತಲಾ 3 ಕ್ರೆಡಿಟ್‌ಗಳ ಎರಡು ಭಾಷಾ ಪತ್ರಿಕೆಗಳಲ್ಲಿ 9, 8 ಅಂಶಗಳೂ ಬಂದಿವೆ ಎಂದಿಟ್ಟುಕೊಳ್ಳೋಣ. ಐದನ್ನೂ ಕೂಡಿಸಿ ಐದರಿಂದ ಭಾಗಿಸಿದರೆ 7.2 ಬರುತ್ತದೆ, ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡಿಕೊಳ್ಳುವ ಲೆಕ್ಕ ಇದು. ವಿಶ್ವವಿದ್ಯಾಲಯವಾದರೋ ಪ್ರತಿ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಬಂದ ಮೊತ್ತವಾದ 146ನ್ನು ಒಟ್ಟು 21 ಕ್ರೆಡಿಟ್‌ಗಳಿಂದ ಭಾಗಿಸುತ್ತದೆ, ಉತ್ತರ 6.95. ಅಂಕಪಟ್ಟಿಯಲ್ಲಿ ತಪ್ಪಾಗಿದೆಯೆಂದು ಅರ್ಜಿ ಸಲ್ಲಿಸುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳಿತು. ಸಿಜಿಪಿಎಯನ್ನು ಶೇಕಡಾವಾರು ಅಂಕಕ್ಕೆ ಪರಿವರ್ತಿಸುವ ಸೂತ್ರವು ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಉದ್ಯೋಗದ ಅರ್ಜಿಯಲ್ಲಿ ಶೇಕಡಾವಾರು ಅಂಕ ಕೇಳಿದಾಗ ಸ್ವಂತ ಊಹೆಯಿಂದ ಹತ್ತರಿಂದ ಗುಣಿಸಿ ಬರೆಯದೆ, ತನ್ನ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸತಕ್ಕದ್ದು. ದಾಖಲೆ ಪರಿಶೀಲನೆಯ ಹಂತದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಉತ್ತರಿಸಬೇಕಾದವನು ಅಭ್ಯರ್ಥಿಯೇ.

ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ರಾಷ್ಟ್ರೀಯ ವ್ಯವಸ್ಥೆಗೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂದು ಹೆಸರು. ಕಾಲೇಜಿನಲ್ಲಿ ಎಬಿಸಿ ಎನ್ನುತ್ತಾರೆ. 2021ರ ಯುಜಿಸಿ ನಿಯಮಾವಳಿಯ ಪ್ರಕಾರ ಇಲ್ಲಿ ಜಮೆಯಾದ ಕ್ರೆಡಿಟ್‌ಗಳಿಗೆ ಗರಿಷ್ಠ ಏಳು ವರ್ಷಗಳ ಮಾನ್ಯತೆ ಇರುತ್ತದೆ. ಇದಕ್ಕೆ ಸಂಬಂಧಿಸಿದ 12 ಅಂಕಿಗಳ ಅಪಾರ್ ಸಂಖ್ಯೆಯು ಆಧಾರ್ ಸಂಖ್ಯೆಯಲ್ಲ, ಎರಡಕ್ಕೂ ಹನ್ನೆರಡೇ ಅಂಕಿಗಳಿರುವುದರಿಂದ ಅರ್ಜಿಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಾರದು. ರಾಜ್ಯದ ಪ್ರವೇಶಾತಿ, ಪರೀಕ್ಷಾ ಅರ್ಜಿ ಹಾಗೂ ಫಲಿತಾಂಶಗಳಿಗೆ ಬಳಸುವ ಯುಯುಸಿಎಂಎಸ್ ತಂತ್ರಾಂಶದ ಖಾತೆ ಬೇರೆ, ವಿದ್ಯಾರ್ಥಿವೇತನಕ್ಕಾಗಿ ಇರುವ ಎಸ್‌ಎಸ್‌ಪಿ ಖಾತೆ ಬೇರೆ. ಹೆಸರಿನ ಇನಿಷಿಯಲ್, ಜನ್ಮದಿನಾಂಕಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಎಲ್ಲ ಕಡೆಯೂ ಇರಬೇಕು. ವಿದ್ಯಾರ್ಥಿವೇತನವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ನೇರವಾಗಿ ಬರುವುದರಿಂದ, ಹಣ 'ಮಂಜೂರಾಗಿದೆ' ಎಂದು ತೋರಿಸಿಯೂ ಕೈಸೇರದಿದ್ದಲ್ಲಿ ಮೊದಲು ವಿಚಾರಿಸಬೇಕಾದುದು ಬ್ಯಾಂಕಿನ ಶಾಖೆಯಲ್ಲಿ.

ಶೇ. 75ರ ಹಾಜರಾತಿ

ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 75ರಷ್ಟು ಹಾಜರಾತಿ ಇರಬೇಕೆಂಬ ನಿಯಮವು ಹಳೆಯದು, ಪದ್ಧತಿಗಳು ಬದಲಾದರೂ ಇದು ಉಳಿದುಕೊಂಡು ಬಂದಿದೆ. ಆದರೆ ಈ ಜಿಲ್ಲೆಯಲ್ಲಿ ಇದರ ಭಾರವು ಒಂದು ವಿಶಿಷ್ಟ ಬಗೆಯದು. ದೊಡ್ಡಬಳ್ಳಾಪುರದ ನೇಕಾರ ಕುಟುಂಬಗಳ ಮಕ್ಕಳು ವಿದ್ಯುತ್ ಮಗ್ಗದ ಕೆಲಸದಲ್ಲಿ ಮನೆಯವರಿಗೆ ಕೈಜೋಡಿಸಬೇಕಾಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಅದರ ಸುತ್ತಮುತ್ತ ಪಾಳಿ ಕೆಲಸಗಳು ದೊರೆಯುತ್ತಿವೆ. ನೆಲಮಂಗಲದ ಗೋದಾಮುಗಳು ಮತ್ತು ದಾಬಸ್‌ಪೇಟೆ, ಹೊಸಕೋಟೆ ಭಾಗದ ಕೈಗಾರಿಕೆಗಳೂ ಅಂತೆಯೇ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಮೊದಲ ತರಗತಿಗೆ ಬರಲಾಗದವನ ಕೊರತೆಯು ಇಡೀ ದಿನದ ಲೆಕ್ಕದಲ್ಲಿ ಕಾಣದೆ, ಆ ಒಂದು ವಿಷಯದ ಲೆಕ್ಕದಲ್ಲಿ ಎದ್ದು ಕಾಣುತ್ತದೆ. 'ನಾನು ದಿನವೂ ಕಾಲೇಜಿಗೆ ಬಂದಿದ್ದೇನೆ' ಎಂಬ ಮಾತು ನಿಜವಿದ್ದರೂ ಹಾಜರಾತಿಯನ್ನು ಎಣಿಸುವುದು ವಿಷಯವಾರು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಬಸ್ಸಿನ ವೆಚ್ಚವಿಲ್ಲವಾದರೂ, ಗ್ರಾಮದಿಂದ ಹೊರಡುವ ಬಸ್ಸಿನ ವೇಳೆಯು ಮೊದಲ ತರಗತಿಯ ವೇಳೆಗೆ ಹೊಂದದಿದ್ದಲ್ಲಿ ಕೊರತೆ ಉಳಿದೇ ಉಳಿಯುತ್ತದೆ. ಅಂತಹ ಸಂದರ್ಭದಲ್ಲಿ ಸೆಮಿಸ್ಟರ್‌ನ ಕೊನೆಯವರೆಗೆ ಕಾಯದೆ, ಆರಂಭದಲ್ಲಿಯೇ ಪ್ರಾಂಶುಪಾಲರ ಗಮನಕ್ಕೆ ಲಿಖಿತವಾಗಿ ತರುವುದು ಸೂಕ್ತ. ಅನಾರೋಗ್ಯ, ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆಗಳಂತಹ ಕಾರಣಗಳಿಗೆ ಅಲ್ಪ ಪ್ರಮಾಣದ ಕೊರತೆಯನ್ನು ಮನ್ನಿಸುವ ಅವಕಾಶವು ನಿಯಮಗಳಲ್ಲಿರುತ್ತದೆ. ಆದರೆ ಮನ್ನಣೆ ವಿದ್ಯಾರ್ಥಿಯ ಹಕ್ಕಲ್ಲ, ಅದಕ್ಕೆ ದಾಖಲೆ ಬೇಕು.

ಒಂದು ಜಿಲ್ಲೆ, ಎರಡು ವಿಶ್ವವಿದ್ಯಾಲಯ

ಬೆಂಗಳೂರು ವಿಶ್ವವಿದ್ಯಾಲಯವು 1964ರಲ್ಲಿ ಸ್ಥಾಪನೆಯಾಯಿತು. ವಿಭಜನೆಗೆ ಮುನ್ನ ಈ ಭಾಗದ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿದ್ದವು. ವಿಶ್ವವಿದ್ಯಾಲಯದ ವಿಭಜನೆಯ ತರುವಾಯ, ಕೋಲಾರದ ಟಮಕದಲ್ಲಿ ಕೇಂದ್ರವುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು 2017ರಲ್ಲಿ ಕಾರ್ಯಾರಂಭ ಮಾಡಿತು. ಹೊಸಕೋಟೆ, ದೇವನಹಳ್ಳಿಯ ಕಾಲೇಜುಗಳು ಅತ್ತ ಸೇರಿದವು. ನೆಲಮಂಗಲದ್ದು ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೇ ಉಳಿಯಿತು. ದೊಡ್ಡಬಳ್ಳಾಪುರವೂ ಸೇರಿದಂತೆ ಎಲ್ಲೆಡೆಯ ವಿದ್ಯಾರ್ಥಿಗಳು ಊರಿನ ಹೆಸರಿನಿಂದ ವಿಶ್ವವಿದ್ಯಾಲಯವನ್ನು ಊಹಿಸದೆ, ತಮ್ಮ ಪ್ರವೇಶ ಅರ್ಜಿಯ ತಲೆಬರಹದಲ್ಲಿ ಯಾವ ಹೆಸರಿದೆ ಎಂಬುದನ್ನು ನೋಡಿಕೊಳ್ಳತಕ್ಕದ್ದು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆಯು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿದುದರಿಂದ ಗೊಂದಲಕ್ಕೆ ಇನ್ನೊಂದು ಎಳೆ ಸೇರಿದೆ. ಜಿಲ್ಲೆಯ ಹೆಸರಿನಲ್ಲಿರುವ 'ಉತ್ತರ'ಕ್ಕೂ ವಿಶ್ವವಿದ್ಯಾಲಯದ ಹೆಸರಿನಲ್ಲಿರುವ 'ಉತ್ತರ'ಕ್ಕೂ ಗಡಿ ಒಂದೇ ಅಲ್ಲ.

ಇದರ ಪ್ರಾಯೋಗಿಕ ಪರಿಣಾಮವಿದೆ. ದೇವನಹಳ್ಳಿಯಲ್ಲಿ ಬಿ.ಎ. ಮುಗಿಸಿದ ವಿದ್ಯಾರ್ಥಿನಿಯು ಜ್ಞಾನಭಾರತಿಯಲ್ಲಿ ಎಂ.ಎ. ಓದಬಯಸಿದಲ್ಲಿ, ತನ್ನ ಊರಿಗೆ ಹತ್ತಿರದ ಬೆಂಗಳೂರಿಗೇ ಹೋಗುತ್ತಿದ್ದರೂ ನಿಯಮದ ದೃಷ್ಟಿಯಲ್ಲಿ ಅವಳು ಹೊರ ವಿಶ್ವವಿದ್ಯಾಲಯದಿಂದ ಬಂದವಳು. ಕಾಲೇಜು ನೀಡುವ ವರ್ಗಾವಣೆ ಪ್ರಮಾಣಪತ್ರ, ಅಂದರೆ ಟಿ.ಸಿ., ಇದಕ್ಕೆ ಸಾಲದು. ವಿಶ್ವವಿದ್ಯಾಲಯ ನೀಡುವ ವಲಸೆ ಪ್ರಮಾಣಪತ್ರವೂ ಬೇಕಾಗುತ್ತದೆ. ಕೊನೆಯ ಸೆಮಿಸ್ಟರ್ ಮುಗಿದೊಡನೆ ಅರ್ಜಿ ಸಲ್ಲಿಸಿದವರಿಗೆ ಇದು ತೊಡಕಲ್ಲ, ಪ್ರವೇಶದ ಕೊನೆಯ ದಿನ ನೆನಪಾದವರಿಗೆ ಟಮಕಕ್ಕೆ ಓಡುವುದು ತಪ್ಪದು.

ವಿಶ್ವವಿದ್ಯಾಲಯಕ್ಕೆ ಬರೆಯುವ ಅರ್ಜಿಗಳ ವಿಳಾಸದಲ್ಲಿಯೂ ಎಚ್ಚರ ಅಗತ್ಯ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರು ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಹ ಕುಲಾಧಿಪತಿಗಳು. ದೈನಂದಿನ ಆಡಳಿತದ ಮುಖ್ಯಸ್ಥರು ಕುಲಪತಿಗಳು. ಕುಲಸಚಿವರು ಮಾತ್ರ ಇಬ್ಬರು. ವಲಸೆ ಪ್ರಮಾಣಪತ್ರ, ಸಂಯೋಜನೆ ಮುಂತಾದವುಗಳು ಆಡಳಿತದ ಕುಲಸಚಿವರಿಗೆ ಸೇರಿದರೆ, ಅಂಕಪಟ್ಟಿ, ಮರುಮೌಲ್ಯಮಾಪನ, ಫಲಿತಾಂಶ ತಡೆಹಿಡಿದ ಪ್ರಕರಣಗಳು ಮೌಲ್ಯಮಾಪನ ವಿಭಾಗದ ಕುಲಸಚಿವರಿಗೆ ಸೇರುತ್ತವೆ. ಅರ್ಜಿಯು ಒಬ್ಬರ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಸಾಗುವಷ್ಟರಲ್ಲಿ ಮರುಮೌಲ್ಯಮಾಪನದ ಗಡುವು ಮುಗಿದುಹೋಗಿರುವುದೂ ಉಂಟು. ಮರುಎಣಿಕೆ ಎಂದರೆ ಕೊಟ್ಟ ಅಂಕಗಳನ್ನು ಮತ್ತೆ ಕೂಡಿಸುವುದು. ಮರುಮೌಲ್ಯಮಾಪನ ಎಂದರೆ ಉತ್ತರಪತ್ರಿಕೆಯನ್ನು ಇನ್ನೊಬ್ಬರಿಂದ ಮತ್ತೆ ತಿದ್ದಿಸುವುದು. ಶುಲ್ಕವೂ ಬೇರೆ, ಫಲವೂ ಬೇರೆ. ಸಾಧ್ಯವಿದ್ದಲ್ಲಿ ಉತ್ತರಪತ್ರಿಕೆಯ ನಕಲು ಪ್ರತಿಯನ್ನು ಮೊದಲು ತರಿಸಿಕೊಂಡು, ಅಧ್ಯಾಪಕರಿಗೆ ತೋರಿಸಿ ಅನಂತರ ನಿರ್ಧರಿಸುವುದು ಹಣ ಉಳಿಸುವ ಮಾರ್ಗ.

ಸಂಯೋಜನೆ, ಅನುಮೋದನೆ, ಮಾನ್ಯತೆ

ಖಾಸಗಿ ಕಾಲೇಜುಗಳ ಫಲಕಗಳಲ್ಲಿ ಈ ಮೂರು ಪದಗಳು ಒಂದರ ಪಕ್ಕದಲ್ಲಿ ಒಂದು ಕಾಣಿಸಿಕೊಳ್ಳುತ್ತವೆ, ಮೂರೂ ಒಂದೇ ಎಂಬ ಭಾವನೆ ಸಾಮಾನ್ಯವಾಗಿದೆ. ಕಾಲೇಜಿಗೆ ಪಠ್ಯಕ್ರಮ ಒದಗಿಸಿ, ಪರೀಕ್ಷೆ ನಡೆಸಿ, ಪದವಿ ನೀಡುವ ವಿಶ್ವವಿದ್ಯಾಲಯದೊಂದಿಗಿನ ಸಂಬಂಧವೇ ಸಂಯೋಜನೆ. ನಿರ್ದಿಷ್ಟ ಕೋರ್ಸ್ ನಡೆಸಲು ನಿಯಂತ್ರಣ ಸಂಸ್ಥೆ ನೀಡುವ ಒಪ್ಪಿಗೆಯೇ ಅನುಮೋದನೆ. ಈ ಜಿಲ್ಲೆಯ ಕಾಲೇಜುಗಳಲ್ಲಿ ಬೇಡಿಕೆಯಿರುವ ಬಿಬಿಎ, ಬಿಸಿಎ ಕೋರ್ಸ್‌ಗಳು 2024-25ನೇ ಸಾಲಿನಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದಿರುವುದರಿಂದ, ಇವುಗಳಿಗೆ ಸೇರುವವರು ಸಂಯೋಜನೆಯ ಜೊತೆಗೆ ಅನುಮೋದನೆಯನ್ನೂ ವಿಚಾರಿಸಬೇಕು. ಸಂಸ್ಥೆಯ ಗುಣಮಟ್ಟವನ್ನು ಪರಿಶೀಲಿಸಿ ನೀಡುವ ಮಾನ್ಯತೆ ಮೂರನೆಯದು. ಈ ಕಾರ್ಯ ನಡೆಸುವ ನ್ಯಾಕ್ ಸಂಸ್ಥೆಯು 1994ರಲ್ಲಿ ಸ್ಥಾಪನೆಯಾಗಿದ್ದು, ಅದರ ಪ್ರಧಾನ ಕಚೇರಿಯು ಬೆಂಗಳೂರಿನ ನಾಗರಭಾವಿಯಲ್ಲಿಯೇ ಇದೆ.

ಇಲ್ಲಿ 'ಪ್ರಥಮ ದರ್ಜೆ' ಎಂಬ ಪದದ ಬಗ್ಗೆಯೂ ಒಂದು ಮಾತು. ಅದು ನ್ಯಾಕ್ ನೀಡಿದ ದರ್ಜೆಯಲ್ಲ. ಬ್ರಿಟಿಷರ ಕಾಲದ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಇಂಟರ್‌ಮೀಡಿಯೆಟ್ ಹಂತದವರೆಗೆ ಮಾತ್ರ ಕಲಿಸುತ್ತಿದ್ದ ಕಾಲೇಜುಗಳು ದ್ವಿತೀಯ ದರ್ಜೆಯವು, ಪದವಿಯವರೆಗೆ ಕಲಿಸುತ್ತಿದ್ದವು ಪ್ರಥಮ ದರ್ಜೆಯವು. ಇಂಟರ್‌ಮೀಡಿಯೆಟ್ ಹೋಯಿತು, ದ್ವಿತೀಯ ದರ್ಜೆ ಎಂಬ ಮಾತೂ ಮರೆಯಾಯಿತು. ಪ್ರಥಮ ದರ್ಜೆ ಎಂಬ ಹೆಸರು ಮಾತ್ರ ಸರ್ಕಾರಿ ಕಾಲೇಜುಗಳ ಫಲಕಗಳಲ್ಲಿ ಉಳಿದುಕೊಂಡಿದೆ.

ಜಿಲ್ಲೆಯೊಳಗೆ ಬೇರೆ ಬಗೆಯ ವಿಶ್ವವಿದ್ಯಾಲಯಗಳೂ ಬಂದಿವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗದೇನಹಳ್ಳಿಯಲ್ಲಿರುವ ಗೀತಂ ಆವರಣವು ವಿಶಾಖಪಟ್ಟಣದಲ್ಲಿ ಕೇಂದ್ರವುಳ್ಳ ಒಂದು ಡೀಮ್ಡ್ ಸಂಸ್ಥೆಯದು. 1956ರ ಯುಜಿಸಿ ಕಾಯಿದೆಯ ಮೂರನೆಯ ಪ್ರಕರಣದಡಿ ಕೇಂದ್ರ ಸರ್ಕಾರವು ವಿಶ್ವವಿದ್ಯಾಲಯವೆಂದು ಪರಿಗಣಿಸಿರುವ ಸಂಸ್ಥೆಗಳಿಗೆ ಈ ಹೆಸರು. ದೇವನಹಳ್ಳಿ ಬಳಿಯ ಹರಳೂರಿನ ಚಾಣಕ್ಯ ವಿಶ್ವವಿದ್ಯಾಲಯವು 2021ರ ರಾಜ್ಯ ಕಾಯಿದೆಯ ಮೂಲಕ ರಚನೆಯಾದ ಖಾಸಗಿ ವಿಶ್ವವಿದ್ಯಾಲಯ. ಇಂತಹ ಸಂಸ್ಥೆಗಳು ತಮ್ಮದೇ ಪಠ್ಯಕ್ರಮ ರೂಪಿಸಿ ತಾವೇ ಪದವಿ ನೀಡುತ್ತವೆ. ಮೇಲೆ ವಿವರಿಸಿದ ಆಂತರಿಕ ಅಂಕ, ನಿರ್ಗಮನ, ವಿಷಯ ಜೋಡಣೆಗಳ ನಿಯಮಗಳನ್ನು ಅಲ್ಲಿಗೆ ಹಾಗೆಯೇ ಅನ್ವಯಿಸಲಾಗದು.

ಮಾನ್ಯತೆಯ ಪ್ರಶ್ನೆಯು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸ್‌ಗಳಿಗೆ ಯುಜಿಸಿ ಮಾನ್ಯತೆ ಇಲ್ಲವೆಂಬ ಪ್ರಕಟಣೆ 2015ರಲ್ಲಿ ಹೊರಬಿದ್ದಾಗ, ಉದ್ಯೋಗ ಮಾಡುತ್ತಲೇ ದೂರಶಿಕ್ಷಣ ಪಡೆಯುತ್ತಿದ್ದ ಅನೇಕರು ತಮ್ಮ ಪದವಿಯ ಭವಿಷ್ಯದ ಬಗ್ಗೆ ಆತಂಕಕ್ಕೊಳಗಾದರು. ಮಾನ್ಯತೆಯು 2018ರಲ್ಲಿ ಮರಳಿ ದೊರೆತು ವಿಶ್ವವಿದ್ಯಾಲಯವು ಪ್ರವೇಶಗಳನ್ನು ಪುನರಾರಂಭಿಸಿತು. ಮಾನ್ಯತೆಯನ್ನು ವರ್ಷವಾರು ಹಾಗೂ ಕೋರ್ಸ್‌ವಾರು ನೋಡಬೇಕು ಎಂಬ ಎಚ್ಚರವು ದೂರಶಿಕ್ಷಣಕ್ಕೆ ಸೇರುವವರೆಲ್ಲರಿಗೂ ಅನ್ವಯಿಸುತ್ತದೆ.

ಪದವಿ ಕೈಸೇರುವವರೆಗೆ

ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಬಂದೊಡನೆ ಪದವಿ ದೊರೆತಂತಾಗುವುದಿಲ್ಲ. ಎಲ್ಲ ಪತ್ರಿಕೆಗಳಲ್ಲಿಯೂ ಉತ್ತೀರ್ಣರಾದವರು ಅರ್ಜಿ ಸಲ್ಲಿಸಿ ಪಡೆಯುವ ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ಪಿಡಿಸಿ ಎನ್ನುತ್ತಾರೆ. ಘಟಿಕೋತ್ಸವದ ಪ್ರಮಾಣಪತ್ರ ಬರುವವರೆಗೆ ಇದೇ ಆಧಾರ. ಘಟಿಕೋತ್ಸವ ಎಂಬ ಪದಕ್ಕೆ ಮೂಲವಾದ 'ಘಟಿಕೆ'ಯು ಪ್ರಾಚೀನ ವಿದ್ಯಾಕೇಂದ್ರದ ಹೆಸರು. ಕದಂಬ ವಂಶದ ಮಯೂರಶರ್ಮನು ವ್ಯಾಸಂಗಕ್ಕಾಗಿ ಕಂಚಿಯ ಘಟಿಕೆಗೆ ಹೋಗಿದ್ದನ್ನು ತಾಳಗುಂದದ ಶಾಸನವು ತಿಳಿಸುತ್ತದೆ. ಇಂದಿನ ವಿದ್ಯಾರ್ಥಿಯು ಸಮಾರಂಭಕ್ಕೆ ಖುದ್ದಾಗಿ ಹೋಗಲೇಬೇಕೆಂದಿಲ್ಲ, ಗೈರುಹಾಜರಿಯಲ್ಲಿಯೂ ಪದವಿ ಪಡೆಯಬಹುದು. ಆದರೆ ನಿಗದಿತ ದಿನಾಂಕದೊಳಗೆ ಅರ್ಜಿ ಹಾಗೂ ಶುಲ್ಕ ಸಲ್ಲಿಸದವರ ಹೆಸರು ಆ ವರ್ಷದ ಪಟ್ಟಿಯಲ್ಲಿರುವುದಿಲ್ಲ. ಪ್ರಮಾಣಪತ್ರಗಳ ವಿದ್ಯುನ್ಮಾನ ಪ್ರತಿಗಳು ಡಿಜಿಲಾಕರ್‌ನಲ್ಲಿ ಲಭ್ಯವಾಗುವ ವ್ಯವಸ್ಥೆಯಿದ್ದು, ಅಲ್ಲಿ ಹೆಸರು ಅಥವಾ ನೋಂದಣಿ ಸಂಖ್ಯೆ ತಪ್ಪಾಗಿ ಕಂಡುಬಂದಲ್ಲಿ ಕಾಲೇಜಿನ ಮೂಲಕ ಮೌಲ್ಯಮಾಪನ ವಿಭಾಗದ ಕುಲಸಚಿವರಿಗೆ ತಿದ್ದುಪಡಿಯ ಅರ್ಜಿ ಸಲ್ಲಿಸಬೇಕು. ಅರ್ಜಿಯ ಮೊದಲ ಸಾಲಿನಲ್ಲಿ ನೋಂದಣಿ ಸಂಖ್ಯೆ, ಪ್ರವೇಶ ಪಡೆದ ಶೈಕ್ಷಣಿಕ ವರ್ಷ ಹಾಗೂ ಸ್ಕೀಮ್ ಈ ಮೂರನ್ನೂ ನಮೂದಿಸತಕ್ಕದ್ದು.